ಕಾಣದ ಗುರುತಿನ ಕಷ್ಟ: ಸೂರ್ಯ, ರ‍್ಯಾಂಕ್ ಮತ್ತು ಗಣಕ ಭಾಷೆಗಳ ವಿನ್ಯಾಸ

ಗಣಕದ ಮುಂದೆ ಕುಳಿತು ಒಂದು ಸಣ್ಣ ಪ್ರಯೋಗ ಮಾಡಿ. ಯೂನಿಕೋಡ್ ಕನ್ನಡದಲ್ಲಿ ‘ಸೂರ್ಯ’ ಎಂದು ಟೈಪು ಮಾಡಿ. ಅನಂತರ, ಪರೀಕ್ಷೆಯಲ್ಲಿ ಪಡೆಯುವ ‘ರ‍್ಯಾಂಕ್’ ಎಂಬ ಪದವನ್ನು ಟೈಪು ಮಾಡಿ. ಮೊದಲನೆಯದರಲ್ಲಿ ರಕಾರವು ಅರ್ಕಾವತ್ತಾಗಿ ಯಕಾರದ ಬಲಕ್ಕೆ ಹೋಗಿ ಕೂರಬೇಕು. ಎರಡನೆಯದರಲ್ಲಿ ರಕಾರ ಪೂರ್ಣ ರೂಪದಲ್ಲಿಯೇ ನಿಂತು, ಯಕಾರ ಅದರ ಕೆಳಗಿನ ಒತ್ತಾಗಬೇಕು. ಆದರೆ ಗಣಕಕ್ಕೆ ಎರಡೂ ಕಡೆ ಸಿಗುವ ಅಕ್ಷರಗಳ ಸರಣಿ ಒಂದೇ: ರ, ಅರ್ಧಾಕ್ಷರದ ಚಿಹ್ನೆ, ಯ. ಉಪಾಯ ತಿಳಿಯದವರು ಟೈಪು ಮಾಡಿದರೆ ‘ರ‍್ಯಾಂಕ್’ ಪದವೂ ಅರ್ಕಾವತ್ತಿನೊಂದಿಗೆ, ಯಕಾರದಿಂದ ಆರಂಭವಾದಂತೆ ಮೂಡುತ್ತದೆ. (ಈ ಪುಟದಲ್ಲಿಯೇ ಹಾಗೆ ಮುದ್ರಣವಾಗಿದ್ದರೆ ಅದನ್ನು ಅಚ್ಚಿನ ದೋಷವೆಂದು ತಿಳಿಯದೆ ನನ್ನ ವಾದಕ್ಕೆ ಸಾಕ್ಷಿಯೆಂದು ತಿಳಿಯಿರಿ.)

ಹಾಲಾಡಿಯಲ್ಲಿ ಕಳೆದ ಮಳೆಗಾಲದ ಒಂದು ಸಂಜೆ ಪರಿಚಯದ ಶಿಕ್ಷಕರೊಬ್ಬರು ಪೆನ್ ಡ್ರೈವ್ ಹಿಡಿದುಕೊಂಡು ಮನೆಗೆ ಬಂದರು. ಹತ್ತು ಹನ್ನೆರಡು ವರ್ಷಗಳಿಂದ ಹಳೆಯ ಅಕ್ಷರಶೈಲಿಯಲ್ಲಿ ಸಿದ್ಧಪಡಿಸಿಟ್ಟುಕೊಂಡಿದ್ದ ಟಿಪ್ಪಣಿಗಳನ್ನು ಯಾವುದೋ ಪರಿವರ್ತಕದ ಮೂಲಕ ಯೂನಿಕೋಡಿಗೆ ಬದಲಾಯಿಸಿದ್ದರು. “ಇಲ್ ಕಾಣಿ ಸರ್, ನಾ ಬರ್ದದ್ದ್ ಒಂದ್, ಆದದ್ದ್ ಇನ್ನೊಂದ್” ಎಂದರು. ‘ರ‍್ಯಾಂಕ್’, ‘ರ‍್ಯಾಲಿ’ ಎಂಬ ಪದಗಳಿದ್ದ ಕಡೆಯಲ್ಲೆಲ್ಲ ಅರ್ಕಾವತ್ತು ಬಂದು ಕುಳಿತಿತ್ತು. ಅದನ್ನು ಕೈಯಾರೆ ತಿದ್ದಬಹುದು, ತಿದ್ದಿದೆವು. ಅನಂತರ ತಿದ್ದಿದ ಕಡತದಲ್ಲಿ ‘ರ‍್ಯಾಂಕ್’ ಎಂದು ಹುಡುಕಿದರೆ ಕಣ್ಣ ಮುಂದೆಯೇ ಇರುವ ಪದ ಕೆಲವು ಕಡೆ ಸಿಕ್ಕಿತು, ಕೆಲವು ಕಡೆ ಸಿಗಲಿಲ್ಲ. ಅವರು ತಿದ್ದಿದ ಪುಟಗಳಿಗೂ ನಾನು ತಿದ್ದಿದ ಪುಟಗಳಿಗೂ ನೋಟದಲ್ಲಿ ಯಾವ ವ್ಯತ್ಯಾಸವೂ ಇರಲಿಲ್ಲ.

ಇದನ್ನು ಕನ್ನಡದ ಗ್ರಹಚಾರವೆಂದು ಬಿಟ್ಟುಬಿಡುವುದು ಸುಲಭ. ಆದರೆ ಇದು ಕ್ರಮವಿಧಿ ಭಾಷೆಗಳನ್ನು ರೂಪಿಸುವವರು ಮೊದಲಿನಿಂದಲೂ ಎದುರಿಸುತ್ತ ಬಂದಿರುವ ಸಮಸ್ಯೆಯೇ. ಒಂದೇ ಬರವಣಿಗೆಯನ್ನು ಎರಡು ರೀತಿ ಓದಲು ಸಾಧ್ಯವಿದ್ದಾಗ ಯಾವ ಓದನ್ನು ಆರಿಸಬೇಕು? ಆರಿಸಿದ್ದು ತಪ್ಪೆಂದು ಆಮೇಲೆ ತಿಳಿದರೆ, ಅಷ್ಟರಲ್ಲಿ ಬರೆದು ಮುಗಿಸಿದ ಸಾವಿರಾರು ಕಡತಗಳನ್ನು ಕೆಡಿಸದೆ ಅದನ್ನು ಸರಿಪಡಿಸುವುದು ಹೇಗೆ? ಕನ್ನಡದ ವಿಷಯಕ್ಕೆ ಬರುವ ಮೊದಲು ಆ ಭಾಷೆಗಳಿಂದ ಕೆಲವು ನಿದರ್ಶನಗಳನ್ನು ನೋಡೋಣ.

ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ನಾನು ಹಲವು ಬಾರಿ ಕಂಡ ತಪ್ಪೊಂದಿದೆ. ಗೌಸಿಯನ್ ವಕ್ರರೇಖೆ ಎಳೆಯಲು ವಿದ್ಯಾರ್ಥಿಯು ಎಕ್ಸೆಲ್ ಹಾಳೆಯಲ್ಲಿ ಋಣಚಿಹ್ನೆ ಹಾಕಿ, ಚಲದ ವರ್ಗವನ್ನು ಬರೆದು, ಅದರ ಘಾತೀಯ ಫಲನವನ್ನು ಕೇಳುತ್ತಾನೆ. ಚಲದ ಬೆಲೆ 2 ಆದಾಗ ಸುಮಾರು 0.018 ಬರಬೇಕು, ಬರುವುದು 54.6. ಗುಡ್ಡದಂತಿರಬೇಕಾದ ರೇಖೆ ಬಾವಿಯಂತೆ ಮೂಡುತ್ತದೆ. ಕಾರಣ ಸರಳ. ಎಕ್ಸೆಲ್‌ನಲ್ಲಿ =-2^2 ಎಂದು ಬರೆದರೆ ಉತ್ತರ 4; ಅದು ಮೊದಲು ಋಣಚಿಹ್ನೆಯನ್ನು ಅಂಕೆಗೆ ಅಂಟಿಸಿ ಆಮೇಲೆ ವರ್ಗ ಮಾಡುತ್ತದೆ. =0-2^2 ಎಂದು ಬರೆದರೆ ಉತ್ತರ -4. ಅದೇ ಎಕ್ಸೆಲ್‌ನೊಳಗಿರುವ ವಿಷುಯಲ್ ಬೇಸಿಕ್‌ನಲ್ಲಿ ಮೊದಲನೆಯ ಸೂತ್ರಕ್ಕೂ -4 ಎಂಬ ಉತ್ತರವೇ ಬರುತ್ತದೆ. ಗಣಿತದ ರೂಢಿಯೂ ಫೋರ್ಟ್ರಾನ್ ಮತ್ತು ಪೈಥಾನ್ ಭಾಷೆಗಳೂ ಹೇಳುವುದು -4 ಎಂದೇ. ಈಗ ಎಕ್ಸೆಲ್ ಇದನ್ನು ತಿದ್ದಿದರೆ, ಹಳೆಯ ನಿಯಮವನ್ನೇ ನಂಬಿ ಬರೆದ ಲೆಕ್ಕದ ಹಾಳೆಗಳ ಉತ್ತರಗಳೆಲ್ಲ ಒಂದು ಬೆಳಿಗ್ಗೆ ಸದ್ದಿಲ್ಲದೆ ಬದಲಾಗುತ್ತವೆ. ತಪ್ಪು ನಿಯಮವೇ ಶಾಶ್ವತವಾಗುವುದು ಹೀಗೆ.

ಸಿ ಭಾಷೆಯ ಕಥೆ ಇನ್ನೂ ಪಾಠಯೋಗ್ಯ. ಉಪಕರಣವೊಂದು ಕಳುಹಿಸುವ ಸ್ಥಿತಿಸೂಚಕ ಸಂಖ್ಯೆಯಲ್ಲಿ ಮೂರನೆಯ ಬಿಟ್ 1 ಆಗಿದೆಯೇ ಎಂದು ಪರೀಕ್ಷಿಸಲು ‘ಸ್ಥಿತಿ & 4 == 4’ ಎಂಬರ್ಥದ ಸಾಲನ್ನು ಬರೆದಿರೆಂದುಕೊಳ್ಳಿ. ಸಿ ಭಾಷೆ ಮೊದಲು 4 == 4 ಎಂಬುದನ್ನು ನೋಡಿ, ಅದು ನಿಜವಾದ್ದರಿಂದ 1 ಎಂದು ತೆಗೆದುಕೊಂಡು, ಮೂರನೆಯದರ ಬದಲು ಮೊದಲನೆಯ ಬಿಟ್ಟನ್ನು ಪರೀಕ್ಷಿಸುತ್ತದೆ. ಸ್ಥಿತಿಯ ಬೆಲೆ 5 ಆಗಿದ್ದರೆ ಉತ್ತರ ಆಕಸ್ಮಿಕವಾಗಿ ಸರಿ. 4 ಆಗಿದ್ದರೆ ತಪ್ಪು. ಈ ಭಾಷೆಯನ್ನು ರೂಪಿಸಿದ ಡೆನಿಸ್ ರಿಚಿ ಇದೊಂದು ಲೋಪವೆಂದು ತಾವೇ ಒಪ್ಪಿಕೊಂಡಿದ್ದರು. ಸಿ ಭಾಷೆಗೆ ಮುಂಚಿನ ಬಿ ಭಾಷೆಯಲ್ಲಿ ‘ಇದೂ ಸರಿ, ಅದೂ ಸರಿ’ ಎಂಬ ತಾರ್ಕಿಕ ಜೋಡಣೆಗೂ ಬಿಟ್‌ಗಳ ಜೋಡಣೆಗೂ & ಎಂಬ ಒಂದೇ ಚಿಹ್ನೆಯಿತ್ತು. ತಾರ್ಕಿಕ ಜೋಡಣೆಗೆ && ಎಂಬ ಹೊಸ ಚಿಹ್ನೆ ಬಂದಾಗ ಹಳೆಯದರ ಆದ್ಯತೆಯನ್ನು ಮೇಲಕ್ಕೇರಿಸಬೇಕಿತ್ತು. ಆದರೆ ಆಗಲೇ ಬರೆದಿದ್ದ ಕ್ರಮವಿಧಿಗಳು ಕೆಡುತ್ತವೆಂದು ಹಾಗೆಯೇ ಬಿಟ್ಟರು. ಆಗ ಸಿ ಭಾಷೆ ಬಳಕೆಯಲ್ಲಿದ್ದ ಗಣಕಗಳು ಬೆರಳೆಣಿಕೆಯಷ್ಟು!

ಅದೇ ಭಾಷೆ ಇನ್ನೊಂದು ಗೊಂದಲವನ್ನು ಸಕಾಲದಲ್ಲಿ ನಿವಾರಿಸಿಕೊಂಡಿತು ಎಂಬುದನ್ನೂ ಹೇಳಬೇಕು. ಬಿ ಭಾಷೆಯಲ್ಲಿ ‘ಐದನ್ನು ಕಳೆ’ ಎನ್ನಲು =- ಎಂಬ ಚಿಹ್ನೆಯಿತ್ತು. ಹಾಗಾಗಿ ‘ಕ=-5’ ಎಂದು ಬರೆದರೆ, ಕ ಎಂಬ ಚಲಕ್ಕೆ ಋಣ ಐದನ್ನು ಕೊಡಿ ಎಂದೋ, ಕ ದಿಂದ ಐದನ್ನು ಕಳೆಯಿರಿ ಎಂದೋ? ನಡುವೆ ಒಂದು ಖಾಲಿ ಜಾಗ ಬಿಟ್ಟರೆ ಒಂದರ್ಥ, ಬಿಡದಿದ್ದರೆ ಇನ್ನೊಂದು. 1978ರಲ್ಲಿ ಕರ್ನಿಘನ್ ಮತ್ತು ರಿಚಿಯವರ ಪುಸ್ತಕ ಪ್ರಕಟವಾಗುವ ಹೊತ್ತಿಗೆ ಚಿಹ್ನೆಯನ್ನು -= ಎಂದು ತಿರುಗಿಸಿ ಆಗಿತ್ತು.

ಪೈಥಾನ್‌ನ ಅನುಭವ ನಮ್ಮಲ್ಲಿ ಹಲವು ಅಧ್ಯಾಪಕರಿಗೆ ನೇರವಾಗಿ ತಟ್ಟಿದೆ. 2008ರ ಡಿಸೆಂಬರಿನಲ್ಲಿ ಬಂದ ಮೂರನೆಯ ಆವೃತ್ತಿ ಹಳೆಯದರೊಂದಿಗೆ ಹೊಂದುತ್ತಿರಲಿಲ್ಲ. ಮುದ್ರಿಸು ಎಂಬ ಆಜ್ಞೆಗೆ ಆವರಣ ಚಿಹ್ನೆ ಕಡ್ಡಾಯವಾಯಿತು. ಹಾಕದಿದ್ದರೆ ಗಣಕ ತಕ್ಷಣ ತಕರಾರು ಮಾಡುತ್ತದೆ. ಇದರ ಬಗ್ಗೆ ಎಲ್ಲರೂ ಗೊಣಗಿದರು. ಆದರೆ ನಿಜವಾಗಿ ಅಪಾಯಕಾರಿಯಾದುದು ಬೇರೆ: 7/2 ಎಂಬುದಕ್ಕೆ ಹಳೆಯ ಆವೃತ್ತಿ ಕೊಡುತ್ತಿದ್ದ ಉತ್ತರ 3, ಹೊಸದು ಕೊಡುವುದು 3.5. ಇಲ್ಲಿ ತಕರಾರಿಲ್ಲ, ಎಚ್ಚರಿಕೆಯಿಲ್ಲ. ಅದಕ್ಕಾಗಿಯೇ 2001ರಷ್ಟು ಹಿಂದೆಯೇ, ಪೂರ್ಣಾಂಕ ಭಾಗಾಕಾರಕ್ಕೆ // ಎಂಬ ಬೇರೆ ಚಿಹ್ನೆಯನ್ನು ಹಳೆಯ ಆವೃತ್ತಿಯಲ್ಲಿಯೇ ಕೊಟ್ಟು, ಬರೆಯುವವರು ತಮ್ಮ ಉದ್ದೇಶವನ್ನು ಸ್ಪಷ್ಟಪಡಿಸಲು ಅವಕಾಶ ಮಾಡಿದ್ದರು. ಎರಡನೆಯ ಆವೃತ್ತಿಯ ಪೋಷಣೆ ನಿಂತದ್ದು 2020ರ ಜನವರಿಯಲ್ಲಿ. ಇಷ್ಟು ಕಾಲಾವಕಾಶ ಕೊಟ್ಟರೂ ಜನ ಬೈದರು ಎಂಬುದು ಬೇರೆ ಮಾತು.

ಈ ನಿದರ್ಶನಗಳನ್ನು ನಾನು ಆರಿಸಿಕೊಂಡ ಉದ್ದೇಶವನ್ನು ಊಹಿಸಿರುತ್ತೀರಿ. ಒಂದು ವಿನ್ಯಾಸವನ್ನು ವಿಮರ್ಶಿಸುವಾಗ ಅದರಲ್ಲಿ ದ್ವಂದ್ವಾರ್ಥವಿದೆಯೇ ಎಂದಷ್ಟೇ ಕೇಳಿದರೆ ಸಾಲದು. ಬಹುಕಾಲ ಬಳಕೆಯಲ್ಲಿದ್ದ ಯಾವ ಭಾಷೆಯಲ್ಲಿಯೂ ಅದು ಇದ್ದೇ ಇರುತ್ತದೆ. ತಪ್ಪು ಓದು ನಡೆದಾಗ ಅದು ಬಳಸುವವನಿಗೆ ತಿಳಿಯುತ್ತದೆಯೇ? ಸರಿಯಾದ ಓದನ್ನು ಸೂಚಿಸುವ ಗುರುತು ಅವನ ಕಣ್ಣಿಗೆ ಕಾಣುತ್ತದೆಯೇ? ಕೇಳಬೇಕಾದ ಪ್ರಶ್ನೆಗಳು ಇವು. ಎಕ್ಸೆಲ್‌ನ ಸೂತ್ರದಲ್ಲಿ ಕೊನೆಯ ಪಕ್ಷ ಒಂದು ಜೊತೆ ಆವರಣ ಹಾಕಿ ಬಚಾವಾಗಬಹುದು, ಆ ಆವರಣ ಮುಂದೆ ಓದುವವನಿಗೂ ಕಾಣುತ್ತದೆ.

ಗುರುತು ಕಾಣದಿದ್ದರೆ ಏನಾಗುತ್ತದೆ ಎಂಬುದಕ್ಕೆ ‘ಮೇಕ್’ ಎಂಬ ತಂತ್ರಾಂಶ ಪ್ರಸಿದ್ಧ ಉದಾಹರಣೆ. ದೊಡ್ಡ ಕ್ರಮವಿಧಿಯ ಯಾವ ಭಾಗಗಳನ್ನು ಮತ್ತೆ ಕಂಪೈಲ್ ಮಾಡಬೇಕೆಂದು ನಿರ್ಧರಿಸುವ ಇದನ್ನು ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಬರೆದರು. ಇದರಲ್ಲಿ ಆಜ್ಞೆಯ ಸಾಲು ಟ್ಯಾಬ್‌ನಿಂದಲೇ ಆರಂಭವಾಗಬೇಕು. ಎಂಟು ಖಾಲಿ ಜಾಗಗಳನ್ನು ಬಿಟ್ಟರೆ ನೋಡಲು ಒಂದೇ ರೀತಿ, ಆದರೆ ಮೇಕ್ ಒಪ್ಪುವುದಿಲ್ಲ. ಕೆಲವೇ ವಾರಗಳಲ್ಲಿ ಇದು ತಪ್ಪೆಂದು ಫೆಲ್ಡ್‌ಮನ್‌ಗೆ ಗೊತ್ತಾಯಿತು. ಅಷ್ಟರಲ್ಲಿ ಸುಮಾರು ಒಂದು ಡಜನ್ ಬಳಕೆದಾರರಿದ್ದರು. ಅವರಿಗೆ ತೊಂದರೆ ಕೊಡಬಾರದೆಂದು ಅವರು ಬದಲಾಯಿಸಲಿಲ್ಲ. ಅಂದಿನಿಂದ ಆ ಟ್ಯಾಬ್ ಲಕ್ಷಾಂತರ ವಿದ್ಯಾರ್ಥಿಗಳ ಸಂಜೆಗಳನ್ನು ನುಂಗಿದೆ. ಆದರೂ ಮೇಕ್ ತಪ್ಪು ಕಂಡರೆ ನಿಂತು ಕೂಗುತ್ತದೆ. ಅಷ್ಟು ಉಪಕಾರ ಅದರಿಂದ ಉಂಟು.

ಈಗ ಕನ್ನಡಕ್ಕೆ ಬರೋಣ. 1991ರಲ್ಲಿ ಯೂನಿಕೋಡ್‌ನ ಮೊದಲ ಆವೃತ್ತಿ ಬಂದಾಗಲೇ ಅದರಲ್ಲಿ ಕನ್ನಡವಿತ್ತು. ದೇವನಾಗರಿ, ಕನ್ನಡ, ತಮಿಳು ಮೊದಲಾದ ಲಿಪಿಗಳಿಗೆ ತಲಾ 128 ಸ್ಥಾನಗಳು. ಅಕ್ಷರಗಳ ಜೋಡಣೆ ನಮ್ಮ ದೇಶದ ಇಸ್ಕಿ ಶಿಷ್ಟತೆಯ 1988ರ ರೂಪವನ್ನು ಅನುಸರಿಸಿತು. ಎಲ್ಲ ಲಿಪಿಗಳಲ್ಲಿ ಒಂದೇ ಧ್ವನಿಗೆ ಆದಷ್ಟೂ ಒಂದೇ ಸಾಪೇಕ್ಷ ಸ್ಥಾನ. ಇದರ ತಾತ್ವಿಕ ನೆಲೆ ಸರಿಯಾದುದೇ: ಅಕ್ಷರದ ಆಕಾರವನ್ನಲ್ಲ, ಅಕ್ಷರವನ್ನು ಸಂಕೇತಗೊಳಿಸಬೇಕು. ರ್ ಮತ್ತು ಯ ಸೇರಿದರೆ ಅದು ರ್ಯ. ಅರ್ಕಾವತ್ತಾಗಿ ಬರೆಯುವುದೋ ಒತ್ತಾಗಿ ಬರೆಯುವುದೋ ಅಕ್ಷರಶೈಲಿಗೆ ಬಿಟ್ಟ ವಿಚಾರ. ಉಚ್ಚಾರದಲ್ಲಿ ಎರಡೂ ಒಂದೇ ತಾನೇ? ‘ಸೂರ್ಯ’ ಪದವನ್ನು ಒತ್ತಿನಿಂದ ಬರೆಯುವವರೂ ಇದ್ದಾರೆ, ಅದರಿಂದ ಸೂರ್ಯನೇನೂ ಬದಲಾಗುವುದಿಲ್ಲ.

ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಆವೃತ್ತಿಗಳು ಇದಕ್ಕೆ ವಿರುದ್ಧ ದಿಕ್ಕಿನಲ್ಲಿದ್ದವು. ಅವು ಅಕ್ಷರಗಳನ್ನು ಚೂರುಗಳಾಗಿ ಒಡೆದು, ಚೂರುಚೂರಿಗೂ ಸಂಕೇತ ಕೊಟ್ಟವು. ಅರ್ಕಾವತ್ತಿಗೊಂದು, ಯ ಒತ್ತಿಗೊಂದು. ಆ ಕಡತವನ್ನು ಆ ಅಕ್ಷರಶೈಲಿಯಿಲ್ಲದ ಗಣಕದಲ್ಲಿ ತೆರೆದರೆ ತಲೆಯ ಮೇಲೆ ಟೊಪ್ಪಿ ಇಟ್ಟ ಲ್ಯಾಟಿನ್ ಅಕ್ಷರಗಳ ಸಂತೆ ಕಾಣುತ್ತಿತ್ತು; ಅಕಾರಾದಿಯಾಗಿ ಜೋಡಿಸುವಂತಿರಲಿಲ್ಲ. ಅದನ್ನು ಕೈಬಿಟ್ಟದ್ದೇ ಒಳ್ಳೆಯದಾಯಿತು. ಆದರೆ ವಿಚಿತ್ರ ನೋಡಿ: ‘ಸೂರ್ಯ’ ಮತ್ತು ‘ರ‍್ಯಾಂಕ್’ಗಳ ವಿಷಯದಲ್ಲಿ ಮಾತ್ರ ಆ ಒರಟು ಪದ್ಧತಿಯಲ್ಲಿ ಯಾವ ಗೊಂದಲವೂ ಇರಲಿಲ್ಲ. ಬರೆದದ್ದೇ ಕಾಣುತ್ತಿತ್ತು, ಕಂಡದ್ದೇ ಉಳಿಯುತ್ತಿತ್ತು. ಗೊಂದಲ ಹುಟ್ಟಿದ್ದು ಸುಧಾರಿತ ಪದ್ಧತಿಯಲ್ಲಿ.

ಯಾವ ಓದನ್ನು ಸಹಜವೆಂದು ಆರಿಸಬೇಕು ಎಂಬ ಪ್ರಶ್ನೆಗೆ ಯೂನಿಕೋಡ್ ಅರ್ಕಾವತ್ತನ್ನು ಆರಿಸಿದ್ದು ಸರಿ. ಕಾರ್ಯ, ಸೂರ್ಯ, ಆಚಾರ್ಯ, ಪರ್ಯಾಯ ಎಂದು ಕನ್ನಡದ ಪುಟಪುಟಗಳಲ್ಲಿ ಅದು ಬೇಕು. ನನ್ನ ಆಕ್ಷೇಪ ಎರಡನೆಯ ಓದಿಗೆ ಕೊಟ್ಟ ಗುರುತಿನ ಬಗ್ಗೆ. ಆ ಗುರುತಿನ ಹೆಸರು ‘ಶೂನ್ಯ ಅಗಲದ ಜೋಡಕ’, ದಶಮಾನದಲ್ಲಿ ಅದರ ಸಂಕೇತ ಸಂಖ್ಯೆ 8205. ಹೆಸರೇ ಹೇಳುವಂತೆ ಅದಕ್ಕೆ ಅಗಲವಿಲ್ಲ, ಆಕಾರವಿಲ್ಲ. ಪರದೆಯಲ್ಲಿಯೂ ಕಾಗದದಲ್ಲಿಯೂ ಕಾಣುವುದಿಲ್ಲ. ಶಿಷ್ಟತೆಯ ಪ್ರಕಾರ ಅದನ್ನು ರಕಾರದ ನಂತರ, ಅರ್ಧಾಕ್ಷರದ ಚಿಹ್ನೆಗೆ ಮುಂಚೆ ಇಡಬೇಕು. ಆದರೆ ಬಳಕೆಯಲ್ಲಿರುವ ಬರಹಗಳಲ್ಲಿ ಅರ್ಧಾಕ್ಷರದ ಚಿಹ್ನೆಯ ನಂತರ ಇಟ್ಟದ್ದೂ ಧಾರಾಳವಾಗಿ ಸಿಗುತ್ತದೆ; ಹಲವು ಗಣಕಗಳಲ್ಲಿ ಅದೂ ಸರಿಯಾಗಿಯೇ ಕಾಣುತ್ತದೆ. ನಮ್ಮ ಶಿಕ್ಷಕರೂ ನಾನೂ ತಿದ್ದಿದ ಪುಟಗಳ ನಡುವಿನ ವ್ಯತ್ಯಾಸ ಇಷ್ಟೇ ಆಗಿತ್ತು. ಈ ಎರಡು ಸರಣಿಗಳು ಸಮಾನವೆಂದು ಶಿಷ್ಟತೆ ಎಲ್ಲಿಯೂ ಹೇಳುವುದಿಲ್ಲ, ಆದ್ದರಿಂದ ಹುಡುಕುವ ತಂತ್ರಾಂಶಕ್ಕೆ ಅವು ಬೇರೆ ಬೇರೆ ಪದಗಳು.

ಸಮಾನತೆಯನ್ನು ಘೋಷಿಸುವುದು ಯೂನಿಕೋಡಿಗೆ ತಿಳಿಯದ ವಿದ್ಯೆಯೇನಲ್ಲ. ‘ಕೋ’ ಎಂಬಲ್ಲಿನ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು. ಒತ್ವ ಹಾಗೂ ದೀರ್ಘದ ಗುರುತು ಎಂದು ಎರಡಾಗಿಯೂ, ಎತ್ವ, ಊತ್ವದ ಗುರುತು, ದೀರ್ಘ ಎಂದು ಮೂರಾಗಿಯೂ ಬರೆಯಬಹುದು. ಈ ಮೂರೂ ಒಂದೇ ಎಂದು ಶಿಷ್ಟತೆ ಸಾರಿದೆ, ಅದನ್ನು ಪಾಲಿಸುವ ತಂತ್ರಾಂಶಗಳು ಹೋಲಿಸುವ ಮೊದಲು ಒಂದೇ ರೂಪಕ್ಕೆ ತರುತ್ತವೆ. ಜೋಡಕಕ್ಕೆ ಆ ಭಾಗ್ಯವಿಲ್ಲ. ಅಂತರಜಾಲದ ವಿಳಾಸಗಳ ವಿಷಯದಲ್ಲಂತೂ ಇದು ಪ್ರಹಸನವೇ ಆಗಿದೆ. 2010ರಲ್ಲಿ ಪ್ರಕಟವಾದ ನಿಯಮದಂತೆ, ವಿಳಾಸದಲ್ಲಿ ಜೋಡಕ ಬರಬೇಕಾದರೆ ಅದರ ಹಿಂದೆಯೇ ಅರ್ಧಾಕ್ಷರದ ಚಿಹ್ನೆ ಇರಬೇಕು. ಕನ್ನಡಕ್ಕೆ ಯೂನಿಕೋಡ್ ವಿಧಿಸಿದ ಕ್ರಮದಲ್ಲಿ ಅದರ ಹಿಂದೆ ಇರುವುದು ರಕಾರ. ಅಂದರೆ ಒಂದು ಶಿಷ್ಟತೆ ಸರಿಯೆಂದ ಬರವಣಿಗೆಯನ್ನು ಇನ್ನೊಂದು ಶಿಷ್ಟತೆ ಬಾಗಿಲಲ್ಲಿಯೇ ತಡೆಯುತ್ತದೆ.

ಪದದ ಆರಂಭದಲ್ಲಿ ಅರ್ಕಾವತ್ತು ಬರುವುದೇ ಇಲ್ಲವಲ್ಲ, ಆ ಸ್ಥಾನದಲ್ಲಿ ತಾನಾಗಿ ಒತ್ತು ಮೂಡುವಂತೆ ಅಕ್ಷರಶೈಲಿಗೆ ಹೇಳಿಕೊಟ್ಟರೆ ಸಾಲದೇ ಎಂದು ವಿದ್ಯಾರ್ಥಿಯೊಬ್ಬ ಕೇಳಿದ. ಜಾಣ ಪ್ರಶ್ನೆ. ಬಹಳ ಮಟ್ಟಿಗೆ ಸಾಕು. ಆದರೆ ಕನ್ನಡ ಪದಗಳನ್ನು ಜೋಡಿಸಿ ಬರೆಯುವ ಭಾಷೆ: ‘ಪ್ರಥಮರ‍್ಯಾಂಕ್’ ಎಂದು ಸೇರಿಸಿ ಬರೆದ ಕೂಡಲೇ ನಿಯಮ ಸೋಲುತ್ತದೆ, ‘ಬ್ಯಾರ‍್ಯಾಕ್’ನಲ್ಲಂತೂ ಅದು ಪದದ ನಡುವೆಯೇ ಇದೆ. ಇನ್ನು ಕೆಲವರು ಹಿಡಿದ ದಾರಿ ಇದಕ್ಕೆ ವಿರುದ್ಧ. ಅರ್ಕಾವತ್ತು ನೋಡಲು ಕನ್ನಡದ ಒಂಬತ್ತರ ಅಂಕೆಯಂತೆ ಇರುವುದರಿಂದ ಯಕಾರದ ಪಕ್ಕ 9ನ್ನೇ ಕನ್ನಡ ಅಂಕೆಯಲ್ಲಿ ಟೈಪು ಮಾಡಿ ‘ಸೂಯ೯’ ಎಂದು ಬರೆದುಬಿಡುತ್ತಾರೆ. ಕಣ್ಣಿಗೆ ಸರಿ, ಗಣಕದ ದೃಷ್ಟಿಯಲ್ಲಿ ಅದು ಒಂದು ಸಂಖ್ಯೆ ಅಂಟಿಕೊಂಡ ಅರ್ಥಹೀನ ಪದ.

ಇದೇ ಯೂನಿಕೋಡ್ ಕನ್ನಡದ ಇನ್ನೊಂದು ತಪ್ಪನ್ನು ನಿಭಾಯಿಸಿದ ರೀತಿಯನ್ನು ನಾನು ಮೆಚ್ಚುತ್ತೇನೆ. ಹಳಗನ್ನಡದ ೞ ನಿಮಗೆ ಗೊತ್ತು. ‘ಮೞೆ’ ಮುಂದೆ ‘ಮಳೆ’ಯಾಯಿತು. ಇದೇ ಧ್ವನಿಯ ಅಕ್ಷರ ತಮಿಳಿನ ಪಟ್ಟಿಯಲ್ಲಿ 52ನೆಯ ಸಾಪೇಕ್ಷ ಸ್ಥಾನದಲ್ಲಿದೆ. ಕನ್ನಡದ ಪಟ್ಟಿಯಲ್ಲಿ ಆ ಸ್ಥಾನ, ಅಂದರೆ 3252, ಇಂದಿಗೂ ಖಾಲಿ. ನಮ್ಮ ೞ ಇರುವುದು 3294ರಲ್ಲಿ, ಅಂದರೆ 94ನೆಯ ಸ್ಥಾನದಲ್ಲಿ. ದೇವನಾಗರಿಯ ಪಟ್ಟಿಯಲ್ಲಿ ಅದೇ 94ನೆಯ ಸ್ಥಾನದಲ್ಲಿರುವುದು ಚುಕ್ಕೆಯಿಟ್ಟ ಫ಼. ಹೀಗಾಗಿ ಪಟ್ಟಿಯಲ್ಲಿ ನಮ್ಮ ೞ ದ ಅಧಿಕೃತ ಹೆಸರು ‘ಕನ್ನಡ ಅಕ್ಷರ ಫ಼’! ಕೇಶಿರಾಜನು 13ನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ದಲ್ಲಿ ಅಷ್ಟೊಂದು ಶ್ರಮವಹಿಸಿ ಬೇರ್ಪಡಿಸಿ ತೋರಿಸಿದ ಅಕ್ಷರಕ್ಕೆ ಈ ಗತಿ.

ಆ ಹೆಸರನ್ನು ಇನ್ನು ತಿದ್ದುವಂತಿಲ್ಲ. 1996ರಲ್ಲಿ ಎರಡನೆಯ ಆವೃತ್ತಿ ಬಂದಾಗ ಕೊರಿಯನ್ ಲಿಪಿಯ ಅಕ್ಷರಗಳನ್ನು ಹಳೆಯ ಜಾಗದಿಂದ ಎತ್ತಿ, 11,172 ಅಕ್ಷರಗಳ ಹೊಸ ಪಟ್ಟಿ ಮಾಡಿ ಬೇರೆಡೆಗೆ ಸಾಗಿಸಿದರು. ಅದರಿಂದಾದ ಗೊಂದಲವನ್ನು ನೋಡಿ, ಇನ್ನು ಮುಂದೆ ಯಾವ ಅಕ್ಷರವನ್ನೂ ಸ್ಥಳಾಂತರಿಸುವುದಿಲ್ಲ, ಯಾವ ಹೆಸರನ್ನೂ ಬದಲಾಯಿಸುವುದಿಲ್ಲ ಎಂದು ಪ್ರತಿಜ್ಞೆ ಮಾಡಿದರು. ಹಾಗಾಗಿ ತಪ್ಪು ಹೆಸರನ್ನು ಹಾಗೆಯೇ ಇಟ್ಟು, ಪಕ್ಕದಲ್ಲಿ ಸರಿಯಾದ ಇನ್ನೊಂದು ಹೆಸರನ್ನು ತಿದ್ದುಪಡಿಯೆಂದು ಅಧಿಕೃತವಾಗಿ ದಾಖಲಿಸಿದರು. ಘಟ್ಟದಿಂದ ಇಳಿದುಬರುವ ವಾರಾಹಿಯನ್ನು ನಮ್ಮಲ್ಲಿ ಹಾಲಾಡಿ ಹೊಳೆ ಎನ್ನುತ್ತಾರೆ. ಎರಡು ಹೆಸರಿದ್ದರೂ ಗಂಗೊಳ್ಳಿಯಲ್ಲಿ ಸಮುದ್ರಕ್ಕೆ ಸೇರುವ ನೀರು ಒಂದೇ. ಹಳೆಯ ಕಡತ ಕೆಡಲಿಲ್ಲ, ಹೊಸ ಓದುಗನಿಗೆ ದಾರಿ ತಪ್ಪಲಿಲ್ಲ, ತಿದ್ದುಪಡಿ ಎಲ್ಲರ ಕಣ್ಣಿಗೆ ಕಾಣುವಂತೆ ಇದೆ. ಅಕಾರಾದಿ ಕ್ರಮಕ್ಕೆ ಸಂಕೇತ ಸಂಖ್ಯೆಯನ್ನೇ ನಂಬುವ ಅವಸರದ ಕ್ರಮವಿಧಿಗಳಲ್ಲಿ ಮಾತ್ರ ೞ ದಿಂದ ಆರಂಭವಾಗುವ ಪದಗಳು ಹಕಾರವನ್ನೂ ದಾಟಿ ಕೊನೆಗೆ ಹೋಗಿ ಬೀಳುತ್ತವೆ.

ಹಾಗಾದರೆ ಜೋಡಕದ ಬದಲು ಏನು ಮಾಡಬಹುದಿತ್ತು? ಅಕ್ಕಪಕ್ಕದವರನ್ನು ನೋಡಿ. ಮಲಯಾಳಂನ ಚಿಲ್ಲು ಅಕ್ಷರಗಳನ್ನು ಬರೆಯಲು ಮೊದಲು ಇದೇ ಕಾಣದ ಜೋಡಕವನ್ನು ಬಳಸಬೇಕಿತ್ತು. ಬಹಳ ಜಗಳವಾದ ಮೇಲೆ 2008ರಲ್ಲಿ, ಯೂನಿಕೋಡ್ 5.1ರಲ್ಲಿ, ಆರು ಚಿಲ್ಲುಗಳಿಗೆ ಸ್ವತಂತ್ರ ಸಂಕೇತಗಳು ಬಂದವು. ಬಂಗಾಳಿಯ ಖಂಡ ತಕಾರಕ್ಕೆ 2005ರಲ್ಲಿಯೇ ಹಾಗೆ ಸಿಕ್ಕಿತ್ತು. ಕನ್ನಡದಲ್ಲಿಯೂ ಒತ್ತನ್ನು ಹೊರುವ ರಕಾರಕ್ಕೆ ಒಂದು ಪ್ರತ್ಯೇಕ ಸಂಕೇತ ಕೊಟ್ಟಿದ್ದರೆ ಹಾದಿಯಲ್ಲಿ ಅದು ಉದುರಿಹೋಗುತ್ತಿರಲಿಲ್ಲ. ಯೂನಿಕೋಡ್ ಕನ್ನಡದ ಬರಹ ಕಡಿಮೆಯಿದ್ದ 2000ದ ಆಸುಪಾಸಿನಲ್ಲಿ ಇದನ್ನು ಅಗ್ಗವಾಗಿ ಮಾಡಬಹುದಿತ್ತು. ಫೆಲ್ಡ್‌ಮನ್‌ನ ಒಂದು ಡಜನ್ ಬಳಕೆದಾರರಂತೆ, ಆಗ ನಾವೂ ಬೆರಳೆಣಿಕೆಯ ಜನ.

ಈಗ ಮಾಡಬೇಕೇ? ಬೇಡವೆಂದೇ ನನ್ನ ಅಭಿಪ್ರಾಯ. ಇಂದು ಹೊಸ ಸಂಕೇತ ಬಂದರೆ ‘ರ‍್ಯಾಂಕ್’ ಬರೆಯುವ ಎರಡು ವಿಧಾನಗಳ ಜೊತೆಗೆ ಮೂರನೆಯದು ಸೇರುತ್ತದೆ, ಹಳೆಯವು ಹೋಗುವುದಿಲ್ಲ. ಮಲಯಾಳಂನಲ್ಲಿ ಹಳೆಯ ಚಿಲ್ಲು ಮತ್ತು ಹೊಸ ಚಿಲ್ಲುಗಳು ಜೊತೆಯಾಗಿ ಓಡಾಡುತ್ತಿರುವುದು ಇದೇ ಕಾರಣಕ್ಕೆ. ಆಗಬೇಕಾದ ಕೆಲಸ ತಂತ್ರಾಂಶಗಳಲ್ಲಿದೆ. ಹುಡುಕುವಾಗ ಮತ್ತು ಹೋಲಿಸುವಾಗ ಜೋಡಕದ ಎರಡೂ ಸ್ಥಾನಗಳನ್ನೂ ಅದಿಲ್ಲದ ರೂಪವನ್ನೂ ಒಂದೇ ಎಂದು ಪರಿಗಣಿಸಬೇಕು. ಪರಿವರ್ತಕಗಳು ಹಳೆಯ ಕಡತದಲ್ಲಿ ರಕಾರದ ಕೆಳಗೆ ಒತ್ತು ಕಂಡಲ್ಲಿ ಜೋಡಕವನ್ನು ಸೇರಿಸಲೇಬೇಕು, ಸೇರಿಸಲಾಗದಿದ್ದರೆ ಆ ಪದವನ್ನು ಬಣ್ಣ ಹಚ್ಚಿ ತೋರಿಸಬೇಕು. ತಪ್ಪಾದರೆ ಮೇಕ್‌ನಂತೆ ಕೂಗಲಿ.

ನಿಮ್ಮ ಶಾಲೆ ಅಥವಾ ಕಾಲೇಜಿನಲ್ಲಿ ಹಳೆಯ ಅಕ್ಷರಶೈಲಿಯ ಪ್ರಶ್ನೆಪತ್ರಿಕೆ, ಟಿಪ್ಪಣಿ, ಹಾಜರಿ ಪಟ್ಟಿಗಳನ್ನು ಯೂನಿಕೋಡಿಗೆ ಬದಲಾಯಿಸುವ ಕೆಲಸ ನಡೆಯುವುದಿದ್ದರೆ, ಮೊದಲು ಒಂದೇ ಸಾಲಿನ ಕಡತವನ್ನು ಕೊಟ್ಟು ಪರಿವರ್ತಕವನ್ನು ಪರೀಕ್ಷಿಸಿ. ಆ ಸಾಲಿನಲ್ಲಿ ಸೂರ್ಯ, ರ‍್ಯಾಂಕ್, ಪ್ರಥಮರ‍್ಯಾಂಕ್, ಮೞೆ ಎಂಬ ನಾಲ್ಕು ಪದಗಳಿರಲಿ. ಹೊರಬಂದದ್ದನ್ನು ಕಣ್ಣಿನಿಂದ ನೋಡಿ ಬಿಡಬೇಡಿ. ನಾಲ್ಕನ್ನೂ ಬೇರೆಯವರೊಬ್ಬರ ಕೈಯಲ್ಲಿ ಟೈಪು ಮಾಡಿಸಿ ಹುಡುಕಿಸಿ. ಮೂಲ ಕಡತವನ್ನು ಅದರ ಅಕ್ಷರಶೈಲಿಯ ಸಹಿತ ಒಂದು ಪ್ರತಿ ಎತ್ತಿಟ್ಟುಕೊಳ್ಳಿ. ನಮ್ಮ ಶಿಕ್ಷಕರು ಹಾಗೆ ಎತ್ತಿಟ್ಟಿದ್ದರು, ಆದ್ದರಿಂದ ಎರಡನೆಯ ಬಾರಿ ಕೆಲಸ ಒಂದು ಸಂಜೆಯಲ್ಲಿ ಮುಗಿಯಿತು.